ಸುಟ್ಟ ಟಿಪ್ಪಣಿ, ಉಳಿದ ಹಳ್ಳಿ

ಸಮಾಜ ವಿಜ್ಞಾನದ ಸಂಶೋಧನೆಗೆ ಹೊರಟಿರುವ ನೀವು ಪ್ರೊ. ಎಂ. ಎನ್. ಶ್ರೀನಿವಾಸರ ಅನುಭವವನ್ನು ಅರಿಯಬೇಕು. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ, ಪಟೇಲರ ಎತ್ತಿನ ಮನೆಯಲ್ಲಿ ತಿಂಗಳುಗಟ್ಟಲೆ ನೆಲೆಸಿದರು. ಬೇಸಾಯ, ಜಾತಿ, ಜಗಳ, ನ್ಯಾಯತೀರ್ಮಾನ ಎಲ್ಲವನ್ನೂ ಕಂಡು ಕೇಳಿ ಬರೆದುಕೊಂಡರು. ಬರಹದಲ್ಲಿ ಆ ಊರನ್ನು ರಾಂಪುರವೆಂದು ಕರೆದರು.

1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ, ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದವು. ಅವರು ಎದೆಗುಂದದೆ ನೆನಪಿನಿಂದಲೇ ಬರೆದರು. ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು.

ಜನರ ನಡುವೆ ಬಾಳಿದ್ದರಿಂದಲೇ ಇದು ಸಾಧ್ಯವಾಯಿತು. ಆದರೆ ನೆನಪು ಮುಖಗಳನ್ನು ಉಳಿಸಿಕೊಂಡರೂ ಲೆಕ್ಕಗಳನ್ನು ಮರೆಯುತ್ತದೆ. ಆದುದರಿಂದ ಅಂದು ಕಂಡದ್ದನ್ನು ಅಂದೇ ಬರೆಯಿರಿ. ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಪ್ರಶ್ನಾವಳಿ ತುಂಬಿದ ಮೇಲೂ ಊರವರೊಡನೆ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕುಳಿತಿರಿ.