ನೀಲಿ ತಂತಿಯ ಎರಡು ಅರ್ಥ

1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಕಾಲಕ್ರಮದಲ್ಲಿ ಬ್ರಿಟಿಷರ ಬಣ್ಣದ ಪದ್ಧತಿಯೂ ನಮ್ಮ ಮನೆಗಳಿಗೆ ಬಂತು: ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಮೂರು ಫೇಸ್ ಇದ್ದರೆ ಕೆಂಪು, ಹಳದಿ, ನೀಲಿ.

ಈ ಬಣ್ಣಗಳು ಎಲ್ಲೆಡೆ ಒಂದೇ ಎಂದುಕೊಂಡರೆ ತಪ್ಪು. ಜರ್ಮನಿಯಲ್ಲಿ 1960ರ ದಶಕದವರೆಗೂ ಅರ್ಥ್ ತಂತಿಗೇ ಕೆಂಪು ಬಣ್ಣ! ಒಂದು ದೇಶದಲ್ಲಿ ಕೊಲ್ಲುವ ತಂತಿ, ಇನ್ನೊಂದರಲ್ಲಿ ಕಾಯುವ ತಂತಿ. ಗೊಂದಲ ನೀಗಲು ಯುರೋಪು ಫೇಸಿಗೆ ಕಂದು, ನ್ಯೂಟ್ರಲ್‌ಗೆ ನೀಲಿ, ಅರ್ಥಿಗೆ ಹಸಿರು-ಹಳದಿ ಪಟ್ಟೆ ಎಂದು ಒಪ್ಪಿಕೊಂಡಿತು. ಕೆಂಪು-ಹಸಿರಿನ ಭೇದ ಕಾಣದ ಕಣ್ಣಿಗೂ ಪಟ್ಟೆ ಕಾಣುತ್ತದೆ. ಮನೆಯ ವೈರಿಂಗಿನಲ್ಲಿ ಹಳೆಯ ಬಣ್ಣಗಳನ್ನು ಬಿಡಲು 2004ರಲ್ಲಿ ಬ್ರಿಟನ್ ಕೂಡ ಮುಂದಾಯಿತು. ನಮಗೆ ಕಲಿಸಿದವರು ಬಿಟ್ಟರು. ನಮ್ಮ ಗೋಡೆಗಳೊಳಗೆ ಅವು ಉಳಿದುಕೊಂಡವು.

ಹೀಗಾಗಿ ಪೀಣ್ಯದ ಶೆಡ್ಡಿನ ಹಳೆಯ ವೈರಿಂಗಿನಲ್ಲಿ ನೀಲಿ ಎಂದರೆ ಫೇಸ್. ಅದೇ ಶೆಡ್ಡಿಗೆ ಬರುವ ಆಮದು ಯಂತ್ರದ ಕೇಬಲ್ಲಿನಲ್ಲಿ ನೀಲಿ ಎಂದರೆ ನ್ಯೂಟ್ರಲ್. ಬಣ್ಣಕ್ಕೆ ಬಣ್ಣ ಜೋಡಿಸಿದರೆ ನ್ಯೂಟ್ರಲ್ ತಂತಿಗೆ ಫೇಸ್ ಹರಿಯುತ್ತದೆ. ಉಸ್ತಾದನ ಬಾಯಿಮಾತಿನಲ್ಲೇ ಕೆಲಸ ಕಲಿತ ಹುಡುಗನಿಗೆ ಇದನ್ನು ಹೇಳಿಕೊಟ್ಟವರಾರು? ಅವನ ಜೇಬಿನಲ್ಲಿ ಟೆಸ್ಟರ್ ಇದೆಯೇ ಎಂದು ಕೂಲಿ ಕೊಡುವವರು ಕೇಳುವುದೂ ಅಪರೂಪ.