ಗೇರಿಲ್ಲದ ಗಾಡಿಯ ಮೂರು ಸ್ಪ್ರಿಂಗು

ರಾಣೆಬೆನ್ನೂರಿನ ಪಿ.ಬಿ. ರಸ್ತೆ ಪಕ್ಕದ ಗ್ಯಾರೇಜಿನಲ್ಲಿ ನಮ್ಮ ಅತ್ತಿಗೆಯ ಸ್ಕೂಟರ್ ನಿಂತಿತ್ತು. ಬ್ರೇಕ್ ಬಿಟ್ಟರೆ ಸಾಕು, ಆಕ್ಸಿಲರೇಟರ್ ಮುಟ್ಟದಿದ್ದರೂ ಮುಂದಕ್ಕೆ ಜಿಗೀತಿತ್ತು. ಒಮ್ಮೆ ತರಕಾರಿ ಗಾಡಿಗೆ ಗುದ್ದಿದ ಮೇಲೆ, "ಇನ್ನ ನಾ ಓಡ್ಸಂಗಿಲ್ಲ" ಅಂದುಬಿಟ್ಟಿದ್ದರು. ಅವರು ಹಳ್ಳಿ ಶಾಲೆಯ ಟೀಚರ್. ಸ್ಕೂಟರ್ ಬಿಟ್ಟರೆ ಮತ್ತೆ ಬಸ್ಸಿನ ಕಾಯೋಣ.

ವೀಕ್ಷಕರೇ, ಈ ಗಾಡಿಗೊಂದು ಇತಿಹಾಸ ಇದೆ. 1958ರಲ್ಲಿ ನೆದರ್ಲೆಂಡ್ಸ್‌ನ ಹಬ್ ವಾನ್ ಡೋರ್ನ್ ಅವರ ಡಾಫ್ ಕಂಪನಿ, ಗೇರ್ ಬದಲು ಬೆಲ್ಟ್ ಮೇಲೆ ಓಡುವ ಕಾರು ತೋರಿಸಿತು. ನಮ್ಮಲ್ಲಿ 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. 98 ಸಿಸಿ, ಬಟನ್ ಒತ್ತಿದರೆ ಸ್ಟಾರ್ಟ್! ಅಲ್ಲಿವರೆಗೆ ಸ್ಕೂಟರ್ ಅಂದ್ರೆ ಕಿಕ್ ಹೊಡೆದು, ಎಡಗೈಯಲ್ಲಿ ಗೇರ್ ತಿರುಗಿಸೋ ಗಂಡಸರ ಗಾಡಿ. (ಲೂನಾ ಇತ್ತು, ಮರೆತಿಲ್ಲ. ಆದರೆ ಅದು ಮೊಪೆಡ್.) ಸೀರೆ ಉಟ್ಟವರಿಗೆ ರಸ್ತೆ ಬಿಟ್ಟುಕೊಟ್ಟಿದ್ದು ಈ ಬೆಲ್ಟು.

ಬೆಲ್ಟಿನ ಹಿಂದೆ ಕ್ಲಚ್. ಅದರಲ್ಲಿ ಮೂರು ಶೂ, ಅವನ್ನು ಒಳಕ್ಕೆ ಎಳೆದು ಹಿಡಿಯೋ ಮೂರು ಪುಟ್ಟ ಸ್ಪ್ರಿಂಗು. ಎಂಜಿನ್ ವೇಗ ಏರಿದಾಗ ಶೂಗಳು ಹೊರಚಿಮ್ಮಿ ಡ್ರಮ್ ಹಿಡೀತವೆ, ಚಕ್ರ ತಿರುಗುತ್ತೆ. ಸ್ಪ್ರಿಂಗ್ ಸಡಿಲಾದರೆ ಐಡ್ಲಿಂಗಿನಲ್ಲೇ ಹಿಡೀತವೆ.

ಮೇಸ್ತ್ರಿ ಮೊದಲು ಐಡ್ಲಿಂಗ್ ಇಳಿಸಿ ನೋಡಿದ. ಆಗಲಿಲ್ಲ. ಬಿಚ್ಚಿದರೆ ಹಿಂದೆ ಯಾರೋ ಒಂದೇ ಸ್ಪ್ರಿಂಗ್ ಬದಲಿಸಿದ್ದರು, ಎರಡು ಹಳೇವು. "ಮೂರೂ ಕೂಡೇ ಹಾಕ್ಬೇಕ್ರೀ ಟೀಚರ್ರ, ಇಲ್ಲಾಂದ್ರ ಒಂದು ಶೂ ಮೊದ್ಲು ಹಿಡಿತೈತಿ." ಶೂಗಳಿಗೆ ಮರಳು ಕಾಗದ ಉಜ್ಜಿ, ಮೂರೂ ಹೊಸವು ಹಾಕಿ, ಸ್ಟ್ಯಾಂಡ್ ಮೇಲೆ ಸ್ಟಾರ್ಟ್ ಮಾಡಿದ. ಹಿಂದಿನ ಚಕ್ರ ಅಲ್ಲಾಡಲಿಲ್ಲ.

ಅತ್ತಿಗೆ ನನ್ನ ಕೈಯಿಂದ ಕೀಲಿ ಕಸಿದುಕೊಂಡರು.