ಹಳಿಯ ಪಕ್ಕದ ಹೋಟೆಲು: ಕಡೂರು ಸೀಮೆಯಲ್ಲಿ ಹೊರಗಿನ ಊಟದ ಇತಿಹಾಸ

ಕಡೂರು, ಬೀರೂರು, ಅಜ್ಜಂಪುರ, ತರೀಕೆರೆಗಳಲ್ಲಿ ಹೋಟೆಲಿನ ವಯಸ್ಸು ಹೆಚ್ಚುಕಡಿಮೆ ರೈಲಿನ ವಯಸ್ಸೇ. ಅದಕ್ಕೂ ಮೊದಲು ಈ ಸೀಮೆಯಲ್ಲಿ ದಾರಿಹೋಕರಿಗೆ ಊಟ ಸಿಗುತ್ತಿತ್ತು, ಆದರೆ ದುಡ್ಡಿಗೆ ಸಿಗುತ್ತಿದ್ದದ್ದು ಕಡಿಮೆ. ಛತ್ರ, ಮಠ, ದೇವಸ್ಥಾನದ ದಾಸೋಹ, ನೆಂಟರ ಮನೆ, ಇವೇ ಪ್ರಯಾಣಿಕರ ಆಸರೆ. ಮೈಸೂರು ಸಂಸ್ಥಾನದಲ್ಲಿ ಛತ್ರಗಳ ಉಸ್ತುವಾರಿ ಮುಜರಾಯಿ ಇಲಾಖೆಯದಾಗಿತ್ತು. ಉಳಿದವರು ರೊಟ್ಟಿ, ಚಟ್ನಿಪುಡಿ, ಅವಲಕ್ಕಿ, ಮೊಸರನ್ನದ ಬುತ್ತಿ ಕಟ್ಟಿಕೊಂಡೇ ಬಂಡಿ ಹತ್ತುತ್ತಿದ್ದರು. ಅನ್ನವನ್ನು ಮಾರುವುದು ಸರಿಯಲ್ಲ ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿತ್ತು. ಸಂತೆಯ ದಿನ ಮಂಡಕ್ಕಿ, ಖಾರ, ಬೋಂಡ ಮಾರುವವರು ಇದ್ದರು. ಅದನ್ನು ಯಾರೂ ಊಟವೆಂದು ಕರೆಯುತ್ತಿರಲಿಲ್ಲ.

ಕಡೂರು, ಅಜ್ಜಂಪುರ, ತರೀಕೆರೆ, ಈ ಮೂರು ತಾಲ್ಲೂಕುಗಳು ನಕ್ಷೆಯಲ್ಲಿ ಒತ್ತಟ್ಟಿಗಿದ್ದರೂ ಒಲೆಯ ಮೇಲೆ ಬೇರೆಬೇರೆ. ಕಡೂರು ಬಯಲುಸೀಮೆ; ಕೆರೆಯ ನೀರು, ತೆಂಗು, ರಾಗಿ, ಹುರುಳಿ. ಅಜ್ಜಂಪುರದ ಕಡೆ ಎರೆಭೂಮಿ ಸಿಗುತ್ತದೆ. ಜೋಳ, ಈರುಳ್ಳಿ ಅಲ್ಲಿನವು. ತರೀಕೆರೆಯಿಂದ ಪಶ್ಚಿಮಕ್ಕೆ ಹೊರಳಿದರೆ ಅಡಿಕೆ ತೋಟ, ಭತ್ತದ ಗದ್ದೆ, ಅಕ್ಕಿರೊಟ್ಟಿ, ಕಡುಬು. ಅಜ್ಜಂಪುರ ದನದ ತಳಿಗೂ ಹೆಸರಾಗಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸಲೆಂದು ಇದ್ದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿಕೊಂಡಿತು. ಆ ದನಗಳು ಹಾಲಿಗಿಂತ ಹೆಚ್ಚಾಗಿ ದಂಡಿನ ಸಾಮಾನು ಎಳೆದು ಹೆಸರು ಮಾಡಿದವು. ಅವುಗಳ ತಳಿ ಕಾಪಾಡುವ ಕೇಂದ್ರ 1929ರಲ್ಲಿ ಅಜ್ಜಂಪುರದಲ್ಲಿ ಶುರುವಾಗಿ ಇಂದಿಗೂ ನಡೆದಿದೆ.

ಬಯಲಿನ ಮುದ್ದೆಗೂ ಮಲೆನಾಡಿನ ರೊಟ್ಟಿಗೂ ನಂಟು ಹಾಕಿದ್ದು ಖಾರ. ಆ ಖಾರವೂ ಹೊರಗಿನದೇ. ಮೆಣಸಿನಕಾಯಿಯನ್ನು ಸಾವಿರಾರು ವರ್ಷಗಳ ಹಿಂದೆ ಬೆಳೆಗೆ ಒಗ್ಗಿಸಿದವರು ಮೆಕ್ಸಿಕೋದ ಮೂಲನಿವಾಸಿಗಳು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಅದು ಪಶ್ಚಿಮ ಕರಾವಳಿಗೆ ಬಂತು. ಅಲ್ಲಿಯವರೆಗೆ ಘಟ್ಟದ ಮೇಲೂ ಕೆಳಗೂ ಅಡುಗೆಯ ಖಾರವೆಂದರೆ ಮುಖ್ಯವಾಗಿ ಕಾಳುಮೆಣಸು, ಹಿಪ್ಪಲಿ, ಶುಂಠಿ. ಕಾಳುಮೆಣಸಿಗೆ ಮಲೆನಾಡಿನ ನೆರಳು, ಮಳೆ ಬೇಕು. ಮೆಣಸಿನಕಾಯಿ ಹಾಗಲ್ಲ, ಒಣಭೂಮಿಯ ಹಿತ್ತಿಲಲ್ಲೂ ಕಾಯಿ ಬಿಡುತ್ತದೆ. ಬಡವರ ಮನೆಯ ಸಾರಿಗೆ ಅದು ಅಷ್ಟು ಬೇಗ ಹೊಂದಿಕೊಂಡಿದ್ದು ಈ ಕಾರಣಕ್ಕೇ ಇರಬೇಕು. ಟೊಮೆಟೊ, ಪರಂಗಿ, ಸೀಬೆ, ಮೆಕ್ಕೆಜೋಳಗಳೂ ಅಮೆರಿಕ ಖಂಡದಿಂದಲೇ ಬಂದವು. ಹಳೆಯ ಅಡುಗೆಯ ನೆನಪು ಎಲ್ಲಿ ಉಳಿದಿದೆ ಎಂದು ನೋಡಬೇಕಾದರೆ ಬ್ರಾಹ್ಮಣರ ಮನೆಯ ಶ್ರಾದ್ಧದ ಅಡುಗೆ ನೋಡಬೇಕು. ಅಲ್ಲಿ ಇಂದಿಗೂ ಮೆಣಸಿನಕಾಯಿಗೆ ಪ್ರವೇಶವಿಲ್ಲ, ಟೊಮೆಟೊ, ಆಲೂಗಡ್ಡೆಗೂ ಇಲ್ಲ. ಸಾರಿಗೆ ಖಾರ ಕೊಡುವುದು ಕಾಳುಮೆಣಸು. ಪಿತೃಗಳು ಉಂಡಿದ್ದನ್ನೇ ಅವರಿಗೆ ಬಡಿಸಬೇಕು ಎಂಬ ನಿಷ್ಠೆ ನಾಲ್ಕು ಶತಮಾನದ ಹಿಂದಿನ ಒಂದು ಅಡುಗೆಮನೆಯನ್ನು ಹಾಗೇ ಕಾಪಾಡಿಕೊಂಡು ಬಂದಿದೆ.

ರೈಲು ಬಂದದ್ದು 1889ರಲ್ಲಿ. ಬೆಂಗಳೂರಿನಿಂದ ತುಮಕೂರಿನವರೆಗೆ 1884ರಲ್ಲಿ ಓಡಿದ ಮೀಟರ್ ಗೇಜ್ ಗಾಡಿ, ಗುಬ್ಬಿಯಿಂದ ಮುಂದೆ ಅರಸೀಕೆರೆ, ಕಡೂರು, ಬೀರೂರು, ಅಜ್ಜಂಪುರ ದಾಟಿ ಹರಿಹರ ಮುಟ್ಟಿತು. ಹತ್ತು ವರ್ಷದ ಮೇಲೆ, 1899ರಲ್ಲಿ, ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಹೊರಟಿತು. ಬೀರೂರು ಜಂಕ್ಷನ್ ಆದದ್ದು ಹೀಗೆ. ಜಂಕ್ಷನ್ ಎಂದರೆ ಕಾಯುವ ಜಾಗ. ಶಿವಮೊಗ್ಗದ ಕಡೆಯವರು ಇಲ್ಲಿಳಿದು ಗಾಡಿ ಬದಲಿಸಬೇಕಿತ್ತು, ಉಗಿ ಎಂಜಿನ್ ನೀರು ಕುಡಿಯಬೇಕಿತ್ತು, ರಾತ್ರಿ ಗಾಡಿ ತಡವಾದರೆ ಬೆಳಗಿನವರೆಗೆ ಪ್ಲಾಟ್‌ಫಾರಂ ಮೇಲೇ ಕೂರಬೇಕಿತ್ತು. ಬುತ್ತಿ ಒಂದು ಹೊತ್ತಿಗೆ ಸಾಕಾಗುತ್ತಿತ್ತು, ಎರಡನೆಯದಕ್ಕೆ ಹಳಸುತ್ತಿತ್ತು. ಹೋಟೆಲಿನ ಇತಿಹಾಸಕ್ಕೆ ದೊಡ್ಡ ಕಾರಣಗಳನ್ನು ಹುಡುಕುವ ಮೊದಲು ಈ ಕಾಯುವಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ನಿಲ್ದಾಣದ ಊಟಕ್ಕೆ ಕಟ್ಟುಪಾಡುಗಳಿದ್ದವು. ಆ ಕಾಲದ ದೊಡ್ಡ ನಿಲ್ದಾಣಗಳಲ್ಲಿ ಯುರೋಪಿಯನ್ನರಿಗೆ ಒಂದು ಉಪಾಹಾರ ಕೋಣೆ, ಹಿಂದೂಗಳಿಗೆ ಒಂದು, ಮುಸ್ಲಿಮರಿಗೆ ಒಂದು. ಹಿಂದೂಗಳದ್ದರಲ್ಲೂ ಬ್ರಾಹ್ಮಣರಿಗೆ ಬೇರೆ ಜಾಗ. ಕುಡಿಯುವ ನೀರಿಗೂ ಎರಡು ಕೊಡ. ಊರೊಳಗಿನ ಹೋಟೆಲುಗಳು ಇದನ್ನೇ ನಕಲು ಮಾಡಿದವು. ಬ್ರಾಹ್ಮಣರ ಹೋಟೆಲು, ಬ್ರಾಹ್ಮಣರ ಫಲಾಹಾರ ಮಂದಿರ ಎಂಬ ಬೋರ್ಡು ಮೈಸೂರು ಸೀಮೆಯ ಬೀದಿಗಳಲ್ಲಿ ಸಾಮಾನ್ಯವಾಗಿತ್ತು. ಅಡುಗೆಯವರು ಯಾರು, ಒಳಗೆ ಕೂರಲು ಯಾರಿಗೆ ಅವಕಾಶ, ಎರಡನ್ನೂ ಆ ಬೋರ್ಡು ಸಾರುತ್ತಿತ್ತು. ದಲಿತರು ಹೊರಗೆ ನಿಂತು, ಬೇರೆ ಲೋಟದಲ್ಲಿ, ಮೇಲಿನಿಂದ ಸುರಿದ ಕಾಫಿ ಕುಡಿಯಬೇಕಿತ್ತು. ಹಳೆಯ ಹೋಟೆಲುಗಳ ರುಚಿಯನ್ನು ನೆನೆದು ಬರೆಯುವವರು ಇದನ್ನು ಬಿಟ್ಟು ಬರೆದರೆ ಆ ಇತಿಹಾಸ ಅರ್ಧವೇ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಹೋಟೆಲು, ಅಂಗಡಿಗಳಲ್ಲಿ ಜಾತಿಯ ತಡೆಯನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಬೋರ್ಡುಗಳು ಇಳಿದವು. ಬೇರೆ ಲೋಟ ಅಷ್ಟು ಬೇಗ ಹೋಗಲಿಲ್ಲ.

ಹೋಟೆಲು ನಡೆಸಲು ಬಂದವರಲ್ಲಿ ಘಟ್ಟದ ಕೆಳಗಿನವರೇ ಹೆಚ್ಚು. ಉಡುಪಿ, ಕುಂದಾಪುರದ ಸುತ್ತಿನ ಬ್ರಾಹ್ಮಣ ಕುಟುಂಬಗಳಲ್ಲಿ ಜಮೀನು ಸಣ್ಣದು, ಮಕ್ಕಳು ಬಹಳ. ಮಠ, ದೇವಸ್ಥಾನಗಳ ಪಾಕಶಾಲೆಯ ತರಬೇತಿ ಮಾತ್ರ ಕೈಯಲ್ಲಿತ್ತು. 1923ರ ನೆರೆಯ ಮೇಲಂತೂ ಊರು ಬಿಟ್ಟವರ ಸಂಖ್ಯೆ ಏರಿತು. ಮದರಾಸು, ಮುಂಬಯಿ, ಬೆಂಗಳೂರುಗಳಲ್ಲಿ ಉಡುಪಿ ಹೋಟೆಲು ಹೆಸರಾದ ಕಥೆ ಎಲ್ಲರಿಗೂ ಗೊತ್ತು. 1924ರಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂದು ತೆರೆದು ಮುಂದೆ ಮಾವಳ್ಳಿ ಟಿಫಿನ್ ರೂಮ್ ಆದದ್ದೂ ಈ ವಲಸೆಯ ಫಲವೇ. ಸಣ್ಣ ಊರುಗಳ ಭಟ್ಟರ ಹೋಟೆಲಿನ ಕಥೆ ಅಷ್ಟಾಗಿ ದಾಖಲಾಗಿಲ್ಲ, ಆದರೆ ಕ್ರಮ ಎಲ್ಲೆಡೆ ಒಂದೇ. ಮಾಲೀಕರು ಗಲ್ಲಾದಲ್ಲಿ, ಅವರ ನೆಂಟರೊಬ್ಬರು ಒಲೆಯ ಮುಂದೆ, ಊರಿನಿಂದ ಕರೆತಂದ ಹತ್ತು ಹನ್ನೆರಡು ವರ್ಷದ ಮಾಣಿ ಲೋಟ ತೊಳೆಯಲು. ಲೋಟ ತೊಳೆದವನು ಬಡಿಸಲು ಬರುತ್ತಾನೆ, ಬಡಿಸಿದವನು ದೋಸೆ ಹುಯ್ಯಲು ಕಲಿಯುತ್ತಾನೆ, ಕಲಿತವನು ಇನ್ನೊಂದು ನಿಲ್ದಾಣದ ಎದುರು ತನ್ನದೇ ಹೋಟೆಲು ಇಡುತ್ತಾನೆ. ಈ ಏಣಿಯನ್ನು ಹತ್ತಿದವರ ಶ್ರಮ ದೊಡ್ಡದು. ಶಾಲೆ ಬಿಟ್ಟು ಲೋಟದ ನೀರಿನಲ್ಲಿ ಕೈ ಬಿರಿದ ಹುಡುಗರ ಬಾಲ್ಯವೂ ಅದರ ಬೆಲೆಯಲ್ಲಿ ಸೇರಿದೆ.

ರೈಲಿನ ತಿಂಡಿಗೆ ಬೇರೆಯದೇ ಗುಣ ಬೇಕಿತ್ತು: ಒಣಗಿರಬೇಕು, ಕೈಯಲ್ಲಿ ಹಿಡಿಯಬೇಕು, ಸಂಜೆಯವರೆಗೆ ಕೆಡಬಾರದು. 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವರು ಮಾರತೊಡಗಿದರೆನ್ನುವ ಮದ್ದೂರು ವಡೆ ಈ ಬಗೆಯದು. ಅಕ್ಕಿಹಿಟ್ಟು, ರವೆ, ಮೈದಾದ ಜತೆ ಈರುಳ್ಳಿ ಸೇರಿಸಿ ತಟ್ಟಿ ಕರಿದರೆ ಉದ್ದಿನವಡೆಯಂತೆ ರುಬ್ಬಿ ಕಾಯುವ ಕೆಲಸವಿಲ್ಲ. ಮಠದ ಅಡುಗೆಯಲ್ಲಿ ವರ್ಜ್ಯವಾದ ಈರುಳ್ಳಿ, ಉಡುಪಿಯವರ ಹೋಟೆಲಿನ ಪಲ್ಯಕ್ಕೂ ಸಾಂಬಾರಿಗೂ ಇಳಿದದ್ದು ಗಿರಾಕಿಗಳ ಒತ್ತಾಯಕ್ಕೆ.

ಕಾಫಿಯದು ಇಲ್ಲಿ ವಿಚಿತ್ರ ಚರಿತ್ರೆ. ಬಾಬಾ ಬುಡನ್ ಗಿರಿ ಇದೇ ಹಳೆಯ ಕಡೂರು ಜಿಲ್ಲೆಯದು. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. 17ನೇ ಶತಮಾನದಲ್ಲಿ ಗಿರಿಗೆ ಬಂತೆನ್ನುವ ಕಾಫಿ 19ನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳ ದೊಡ್ಡ ಬೆಳೆಯಾಗಿ ಲಂಡನ್ನಿಗೆ ಹಡಗು ಹತ್ತಿತು. ಕಣ್ಣೆದುರಿನ ಬೆಟ್ಟದಲ್ಲಿ ಬೆಳೆದದ್ದು ಬಯಲಿನ ರೈತರ ಲೋಟಕ್ಕೆ ಬರಲು ಇನ್ನೂ ಒಂದೆರಡು ತಲೆಮಾರು ಹಿಡಿಯಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹೊರದೇಶದ ಬೆಲೆ ಬಿದ್ದಾಗ ಬೆಳೆಗಾರರಿಗೆ ಒಳನಾಡಿನ ಬಾಯಿಗಳು ಬೇಕಾದವು. 1935ರ ಕಾಫಿ ಸೆಸ್ ಕಾಯಿದೆಯ ಹಣದಲ್ಲಿ ಪ್ರಚಾರ ಶುರುವಾಗಿ, 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಸಣ್ಣ ಊರುಗಳಲ್ಲಿ ಆ ಕೆಲಸ ಮಾಡಿದ್ದು ಹೋಟೆಲುಗಳೇ. ಹಿರಿಯರು ಕಾಫಿಯನ್ನು ಚಟವೆಂದು ಬೈಯುತ್ತಿದ್ದ ಮನೆಗಳ ಹುಡುಗರು ಮೊದಲು ಅದರ ರುಚಿ ಕಂಡದ್ದು ಹೋಟೆಲಿನ ಬೆಂಚಿನ ಮೇಲೆ.

ಎರಡನೇ ಮಹಾಯುದ್ಧ ಅಕ್ಕಿಗೆ ರೇಷನ್ ತಂದಿತು. ಬರ್ಮಾದ ಅಕ್ಕಿ ನಿಂತ ಮೇಲೆ ಹೋಟೆಲುಗಳು ಗೋಧಿರವೆಗೆ ತಿರುಗಿದವು. ರವೆ ಇಡ್ಲಿ ಹುಟ್ಟಿದ್ದು ಆಗಲೇ ಎಂದು ಮಾವಳ್ಳಿ ಟಿಫಿನ್ ರೂಮಿನವರು ಹೇಳಿಕೊಳ್ಳುತ್ತಾರೆ. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ವಾರಕ್ಕೊಂದು ಹೊತ್ತು ಊಟ ಬಿಡಲು ಕರೆ ಕೊಟ್ಟಾಗ ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕಿದವು.

ಇಷ್ಟೆಲ್ಲ ನಡೆದರೂ ಊರಿನವರ ಊಟ ಹೋಟೆಲಿಗೆ ಬಂದಿರಲಿಲ್ಲ. ಭಟ್ಟರ ಹೋಟೆಲಿನಲ್ಲಿ ಇಡ್ಲಿ, ದೋಸೆ, ಅನ್ನ, ಸಾರು; ಮುದ್ದೆ ಮನೆಯಲ್ಲಿ. ಅದನ್ನು ಬೀದಿಗೆ ತಂದದ್ದು ಮಿಲಿಟರಿ ಹೋಟೆಲು. ಮರಾಠರು ಬೆಂಗಳೂರು, ಮೈಸೂರುಗಳಲ್ಲಿ ಹೆಸರು ಮಾಡಿದ ಈ ಮಾಂಸಾಹಾರಿ ಹೋಟೆಲುಗಳು 20ನೇ ಶತಮಾನದಲ್ಲಿ ಹಳೆಮೈಸೂರಿನ ಸಂತೆಯೂರುಗಳಿಗೆಲ್ಲ ಹಬ್ಬಿದವು. ಸಂತೆಗೆ ಕುರಿ, ಕೊಬ್ಬರಿ, ಅಡಿಕೆ ತಂದವರಿಗೆ ಮಧ್ಯಾಹ್ನ ಬೇಕಾದದ್ದು ಮುದ್ದೆ, ಕುರಿಮಾಂಸದ ಸಾರು, ಒಂದು ಹಿಡಿ ಅನ್ನ.

ನಾಲ್ಕು ಜನರಿಗೆ ಮುದ್ದೆ ಮಾಡುವುದು ಬೇರೆ, ನಲವತ್ತು ಜನರಿಗೆ ಮಾಡುವುದು ಬೇರೆ. ಎಸರು ಕುದಿ ಬಂದ ಮೇಲೆ ರಾಗಿಹಿಟ್ಟನ್ನು ಗುಪ್ಪೆಯಾಗಿ ಸುರಿದು, ನಡುವೆ ಕೋಲು ಚುಚ್ಚಿ, ಕೆದಕದೆ ಬೇಯಲು ಬಿಡಬೇಕು. ಹಿಟ್ಟಿನ ಮೇಲೆ ಎಸರು ಉಕ್ಕಿ ಹಸಿವಾಸನೆ ಹೋದಾಗ ಪಾತ್ರೆಯನ್ನು ಕಾಲಿನಿಂದಲೋ ಕವೆಗೋಲಿನಿಂದಲೋ ಒತ್ತಿಹಿಡಿದು, ಕೋಲಿನಿಂದ ಗಂಟಿಲ್ಲದಂತೆ ತೊಳಸಬೇಕು. ದೊಡ್ಡ ಪಾತ್ರೆಯಲ್ಲಿ ಇದಕ್ಕೆ ಇಬ್ಬರ ರಟ್ಟೆ ಬೇಕು. ಆಮೇಲೆ ಒದ್ದೆಗೈಯಲ್ಲಿ, ಸುಡುವಾಗಲೇ, ಉಂಡೆ ಕಟ್ಟಬೇಕು. ಆರಿದರೆ ಮೇಲೆ ಬಿರುಕು. ಹುರಿದ ಧನಿಯ, ಮೆಣಸಿನಕಾಯಿ, ಕೊಬ್ಬರಿ, ಚಕ್ಕೆ, ಲವಂಗವನ್ನು ಒರಳಿನಲ್ಲಿ ನುಣ್ಣಗೆ ರುಬ್ಬಿ ಹಾಕಿದ ಸಾರು ತೆಳುವಾಗಿ, ಮುದ್ದೆಯ ತುಣುಕು ಜಾರುವ ಹಾಗಿರಬೇಕು.

ಸ್ವಾತಂತ್ರ್ಯದ ನಂತರ ಊಟದ ಜಾಗ ನಿಲ್ದಾಣದಿಂದ ಬಸ್‌ಸ್ಟ್ಯಾಂಡಿಗೆ ಸರಿಯಿತು. 1948ರಲ್ಲಿ ಮೈಸೂರು ಸರ್ಕಾರ ಬಸ್ ಓಡಿಸತೊಡಗಿತು. ಬೆಂಗಳೂರು–ಹೊನ್ನಾವರ ರಸ್ತೆ ಕಡೂರು, ಬೀರೂರು, ತರೀಕೆರೆಗಳ ನಡುವಿನಿಂದಲೇ ಹಾಯುವುದರಿಂದ ಹೋಟೆಲುಗಳು ಬಿ.ಎಚ್. ರಸ್ತೆಗೆ ಮುಖ ತಿರುಗಿಸಿದವು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ 1947ರಿಂದ 1965ರವರೆಗೆ ನಡೆದ ಭದ್ರಾ ಅಣೆಕಟ್ಟೆಯ ಕೆಲಸ ದೂರದೂರದ ಕೂಲಿಗಳನ್ನು ಸೇರಿಸಿತು. ಅಣೆಕಟ್ಟೆಯ ನೀರು ಭತ್ತವನ್ನು ಹೆಚ್ಚಿಸಿ, ಅನ್ನವನ್ನು ರಾಗಿಯ ಜಾಗಕ್ಕೆ ತಂದಿತು. ತೊಂಬತ್ತರ ದಶಕದಲ್ಲಿ ಹಳಿ ಬ್ರಾಡ್ ಗೇಜ್ ಆಯಿತು. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಓಡಿತು. ಅಷ್ಟರಲ್ಲಿ ಉಗಿ ಎಂಜಿನ್ನಿನ ಜತೆ ಜಂಕ್ಷನ್ನಿನ ದೀರ್ಘ ಕಾಯುವಿಕೆ ಹೋಗಿತ್ತು, ಅದನ್ನು ನಂಬಿದ್ದ ಊಟವೂ ಹೋಗಿತ್ತು.

ಎಲ್ಲ ಕಡೆ ಹೀಗಾಗಿಲ್ಲ. ಮೆಣಸಿನಕಾಯಿಯ ತವರಾದ ಮೆಕ್ಸಿಕೋವನ್ನೇ ನೋಡಿ: ಮೆಕ್ಸಿಕೋ ನಗರದಲ್ಲಿ 1912ರ ಕಫೆ ದೆ ತಾಕುಬಾ ಇಂದಿಗೂ ಹಳೆಯ ಅಡುಗೆ ಬಡಿಸುತ್ತದೆ. 1860ರಷ್ಟು ಹಳೆಯದೆಂದು ಹೇಳಿಕೊಳ್ಳುವ ಸಾಂತೊ ದೊಮಿಂಗೊ ಭೋಜನಗೃಹವೂ ಅಲ್ಲಿದೆ. ಆ ದೇಶದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಊರಿನವರ ಮೆಕ್ಕೆಜೋಳದ ರೊಟ್ಟಿ, ಮೆಣಸಿನಕಾಯಿಯ ಗೊಜ್ಜೇ ಹೋಟೆಲಿನ ಮೇಜಿನ ಮೇಲೂ ಇದೆ. ಕಡೂರು ಸೀಮೆಯಲ್ಲಿ ಹೋಟೆಲು ಬಹುಕಾಲ ಕರಾವಳಿಯ ಅಡುಗೆಯ ಮನೆಯಾಗಿತ್ತು. ಬಾಡಿಗೆ ಕಟ್ಟಡದಲ್ಲಿ, ಒಂದು ಕುಟುಂಬದ ದುಡಿಮೆಯ ಮೇಲೆ ನಿಂತದ್ದು, ಮುಂದಿನ ತಲೆಮಾರು ಓದಿ ನೌಕರಿಗೆ ಹೋದಾಗ ಮುಚ್ಚಿತು.

ಮೆಕ್ಸಿಕೋದ ಬೆಳೆಯಾದ ಮೆಕ್ಕೆಜೋಳ ಈಗ ಇಲ್ಲಿನ ಹೊಲಗಳಲ್ಲಿ ಹಿಂದೆಂದಿಗಿಂತ ಹೆಚ್ಚು. ದೇಶದಲ್ಲಿ 1957ರಲ್ಲಿ ಮೆಕ್ಕೆಜೋಳದ ಸಂಘಟಿತ ಸಂಶೋಧನೆ ಆರಂಭವಾಗಿ, 1961ರಲ್ಲಿ ಮೊದಲ ಹೈಬ್ರಿಡ್ ತಳಿಗಳು ಬಿಡುಗಡೆಯಾದವು. ಮುಂದೆ ದಾವಣಗೆರೆ, ಶಿವಮೊಗ್ಗಗಳ ಜತೆ ಅಜ್ಜಂಪುರ, ತರೀಕೆರೆ, ಕಡೂರಿನ ಒಣಭೂಮಿಯೂ ರಾಗಿ, ಜೋಳ ಬಿಟ್ಟು ಅದನ್ನು ಹಿಡಿಯಿತು. ಮೆಕ್ಸಿಕೋದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ರೊಟ್ಟಿ ತಟ್ಟುತ್ತಾರೆ. ಸುಣ್ಣದಿಂದ ಸಿಪ್ಪೆ ಬಿಡುವುದಲ್ಲದೆ ಕಾಳಿನಲ್ಲಿ ಅಡಗಿದ ನಯಾಸಿನ್ ಜೀವಸತ್ವವೂ ಮೈಗೆ ದಕ್ಕುತ್ತದೆ. ಆ ವಿದ್ಯೆ ಬೀಜದ ಜತೆ ಬರಲಿಲ್ಲ. ಇಲ್ಲಿ ಎಳೆತೆನೆಯನ್ನು ಕೆಂಡದ ಮೇಲೆ ಸುಟ್ಟು ಉಪ್ಪು, ಖಾರ, ನಿಂಬೆ ಸವರಿ ತಿನ್ನುವುದನ್ನು ಬಿಟ್ಟರೆ ಬೆಳೆಯ ಬಹುಪಾಲು ಕೋಳಿಯ ಮೇವಿಗೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಹೆದ್ದಾರಿಯ ಹೊಸ ಹೋಟೆಲುಗಳು ಮುದ್ದೆಯೂಟವನ್ನೂ ಅಕ್ಕಿರೊಟ್ಟಿಯನ್ನೂ ಬೋರ್ಡಿನಲ್ಲಿ ದೊಡ್ಡದಾಗಿ ಬರೆದು ಮಾರುತ್ತಿವೆ, ಮುದ್ದೆಯ ಜತೆ ಬಡಿಸುವ ಕೋಳಿ ತಿಂದು ಬೆಳೆದದ್ದು ಮೆಕ್ಕೆಜೋಳ.